ಮೊಡವೆಗೆ ಮದ್ದು: ಟ್ಯೂಬ್ ತಿರುಗಿಸಿ ಓದಿ, ಆಮೇಲೆ ಹಚ್ಚಿ

ಮದುವೆಗೆ ಇನ್ನು ಹತ್ತು ದಿನ ಇದೆ ಅನ್ನುವಾಗ ಮೆಡಿಕಲ್ ಶಾಪ್‌ಗೆ ಓಡಿ ‘ಮೊಡವೆಗೆ ಏನಾದ್ರೂ ಕೊಡಿ’ ಎನ್ನುವವರು ನಮ್ಮಲ್ಲಿ ಜಾಸ್ತಿ. ಆದರೆ ಮೊಡವೆಯ ಯಾವ ಒಳ್ಳೆಯ ಔಷಧಿಯೂ ಹತ್ತು ದಿನದಲ್ಲಿ ಕೆಲಸ ಮುಗಿಸುವುದಿಲ್ಲ. 8ರಿಂದ 12 ವಾರ ಬೇಕು.

ಎರಡೇ ದಿನಕ್ಕೆ ಮುಖ ನುಣುಪಾಯಿತೇ? ಆ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ – ಇವುಗಳಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡ್. ಹಚ್ಚುವಷ್ಟು ದಿನ ಮುಖ ತಿಳಿಯಾಗಿರುತ್ತದೆ. ಬಿಟ್ಟರೆ ಕೆಂಪಾಗಿ ಉರಿಯುತ್ತದೆ, ಮೊಡವೆ ಮೊದಲಿಗಿಂತ ಜೋರಾಗಿ ಏಳುತ್ತದೆ. ತಡೆಯಲಾರದೆ ಮತ್ತೆ ಹಚ್ಚುತ್ತಾರೆ. ಹೀಗೇ ಚರ್ಮ ತೆಳುವಾಗುತ್ತದೆ, ಹುಡುಗಿಯರ ಮುಖದಲ್ಲಿ ಕೂದಲೂ ಬೆಳೆಯಬಹುದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಚೀಟಿ ಇಲ್ಲದೆ ಯಾರಾದರೂ ಕೊಟ್ಟರೆ ದಯವಿಟ್ಟು ತೆಗೆದುಕೊಳ್ಳಬೇಡಿ. ತಿಂಗಳುಗಟ್ಟಲೆ ಹಚ್ಚಿದ್ದರೆ ನೀವೇ ದಿಢೀರ್ ನಿಲ್ಲಿಸಬೇಡಿ, ಚರ್ಮದ ಡಾಕ್ಟರನ್ನು ಕಾಣಿ.

ಹಾಗಾದರೆ ಶುರು ಎಲ್ಲಿಂದ? ಕನ್ನಡಿಯಿಂದ. ಹಗಲು ಬೆಳಕಿನಲ್ಲಿ ಮುಖ ನೋಡಿ, ಒಂದು ಫೋಟೊ ತೆಗೆದಿಡಿ. ಸಣ್ಣ ಬಿಳಿ ಅಥವಾ ಕಪ್ಪು ಚುಕ್ಕಿಗಳೇ? ಕೆಂಪು ಗುಳ್ಳೆ, ಕೀವು ಇದೆಯೇ? ಒತ್ತಿದರೆ ಆಳದಲ್ಲಿ ನೋಯುವ ಗಂಟೇ? ಚರ್ಮದ ಎಣ್ಣೆ ಮತ್ತು ಸತ್ತ ಕಣಗಳು ಸೇರಿ ರಂಧ್ರ ಮುಚ್ಚುತ್ತವೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತದೆ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೊಳೆ ಅಲ್ಲ, ಗಾಳಿ ತಾಗಿ ಬಣ್ಣ ತಿರುಗಿದ್ದು. ಸುಮ್ನೆ ಉಜ್ಜಿ ಪ್ರಯೋಜನವಿಲ್ಲ. ನಿಂಬೆರಸ, ಟೂತ್‌ಪೇಸ್ಟ್ ಕೂಡ ಬೇಡ.

ಬರೀ ಚುಕ್ಕಿಗಳಿದ್ದರೆ ಅಡಾಪಲೀನ್ ಶೇ 0.1 ಜೆಲ್ ಒಳ್ಳೆಯ ಆಯ್ಕೆ. ವೈದ್ಯರನ್ನು ಕೇಳಿಯೇ ಶುರು ಮಾಡಿ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಒಂದು ಬಟಾಣಿ ಕಾಳಿನಷ್ಟು ತೆಗೆದುಕೊಳ್ಳಿ. ಅದು ಒಂದು ಮೊಡವೆಗಲ್ಲ, ಇಡೀ ಮುಖಕ್ಕೆ. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕಿ ಇಟ್ಟು ತೆಳುವಾಗಿ ಹರಡಿ. ಕಣ್ಣು, ತುಟಿ, ಮೂಗಿನ ಸಂದು ಬಿಡಿ. ಮೊದಲೆರಡು ವಾರ ದಿನ ಬಿಟ್ಟು ದಿನ ಸಾಕು. ಸಿಪ್ಪೆ ಏಳುತ್ತದೆ, ಮೊಡವೆ ಸ್ವಲ್ಪ ಹೆಚ್ಚಿದಂತೆಯೂ ಕಾಣಬಹುದು. ಬಹಳ ಜನ ಕೈಬಿಡುವುದು ಇಲ್ಲೇ. ಮಾಯಿಶ್ಚರೈಸರ್ ಹಚ್ಚಿ, ಮುಂದುವರಿಸಿ. ಗರ್ಭಿಣಿಯರಿಗೆ ಮಾತ್ರ ಇದು ಬೇಡ.

ಕೆಂಪು ಗುಳ್ಳೆ, ಕೀವು ಇದ್ದರೆ ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ ಸೇರಿಸಬಹುದು. ಶೇ 2.5ರದ್ದು ಸಾಕು. ಶೇ 10ರದ್ದು ಉರಿ ಕೊಡುವುದು ಜಾಸ್ತಿ, ಗುಣ ಹೆಚ್ಚೇನಿಲ್ಲ. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ. ನನ್ನ ಮಗನ ಕಡುನೀಲಿ ದಿಂಬಿನ ಕವರ್‌ನಲ್ಲಿ ಕೆನ್ನೆ ತಾಗುವ ಜಾಗವೆಲ್ಲ ಕಿತ್ತಳೆಯಾಗಿತ್ತು, ಸೋಪಿನ ತಪ್ಪು ಅಂತಲೇ ನಾನು ಅಂದುಕೊಂಡಿದ್ದೆ. ಬಿಳಿ ಟವೆಲ್, ಬಿಳಿ ಕವರ್ ಇಟ್ಟುಕೊಳ್ಳಿ. ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತವೆ, ಪೆರಾಕ್ಸೈಡ್ ಜೊತೆಗಿರಲಿ.

ಹಣೆಯ ಅಂಚಿನಲ್ಲೇ ಸಾಲಾಗಿ ಗುಳ್ಳೆಗಳಿವೆಯೇ? ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಅಲ್ಲಿಗೇ ಇಳಿಯುತ್ತದೆ ಅಲ್ವಾ? ರಾತ್ರಿ ಎಣ್ಣೆ ಹಚ್ಚಿ ಮಲಗುವುದನ್ನು ಕೆಲವು ವಾರ ಬಿಟ್ಟು ನೋಡಿ.

ಆಳದ ಗಂಟು, ಗುಳಿ ಬೀಳುವ ಕಲೆ, ಮೊಡವೆ ಜೊತೆ ಮುಟ್ಟಿನ ಏರುಪೇರು ಇದ್ದರೆ 12 ವಾರ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರೆ ಲೋಟ ತುಂಬ ನೀರಿನ ಜೊತೆ ನುಂಗಿ, ತಕ್ಷಣ ಮಲಗಬೇಡಿ, ಇಲ್ಲವಾದರೆ ಅನ್ನನಾಳ ಸುಡಬಹುದು. ಐಸೊಟ್ರೆಟಿನಾಯಿನ್ ತೀವ್ರ ಮೊಡವೆಗೆ ಬಹಳ ಒಳ್ಳೆಯ ಮಾತ್ರೆ. ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡುತ್ತದೆ. ತೆಗೆದುಕೊಳ್ಳುವಾಗ ಮತ್ತು ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲಬಾರದು, ರಕ್ತ ಪರೀಕ್ಷೆಯೂ ಆಗಬೇಕು. ಗೆಳತಿಯ ಮಾತ್ರೆ ಹಂಚಿಕೊಂಡು ನುಂಗುವ ಔಷಧಿ ಇದಲ್ಲ.

ನಮ್ಮ ಕಂದು ಚರ್ಮದಲ್ಲಿ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಚಿವುಟಬೇಡಿ. ಹಗಲು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ. ಕಲೆಗೂ ಮೊಡವೆಗೂ ಅಜೆಲಾಯಿಕ್ ಆಸಿಡ್ ಒಟ್ಟಿಗೇ ಆಗುತ್ತದೆ, ಗರ್ಭಿಣಿಯರಿಗೂ ವೈದ್ಯರು ಇದನ್ನು ಕೊಡುತ್ತಾರೆ.

ಡಾಕ್ಟರ ಹತ್ತಿರ ಹೋಗುವಾಗ ಮೊದಲ ದಿನದ ಫೋಟೊ ಇರಲಿ. ಇದುವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ, ಖಾಲಿಯಾದದ್ದೂ ಸೇರಿ.