ಕನ್ನಡ ಪ್ರಬಂಧ ಪಾಠಕ್ಕೆ ಗೂಗಲ್ ಡಾಕ್ಸ್

ಮೊದಲು ಅಕ್ಷರ ಸರಿಮಾಡಿಕೊಳ್ಳಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಡಾಕ್ಸ್‌ಗೆ ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರ ಕೂರಿಸಿರುತ್ತವೆ. ಫಾಂಟ್ ಇಲ್ಲದ ಕಡೆ ಒಳಗಿನದು ಹೊರಬರುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಿ, ಆಮೇಲೆ ಅರ್ಕಾವತ್ತಿರುವ ಪದಗಳನ್ನು ಒಮ್ಮೆ ನೋಡಿ. ಆಸ್ಕಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ತಪ್ಪುಗಳು ಹೆಚ್ಚಾಗಿ ಅಲ್ಲೇ ಉಳಿಯುತ್ತವೆ.

ಮಕ್ಕಳು ‘ಸೂರ್ಯ’ವನ್ನು ‘ಸೂರ‍್ಯ’ ಎಂದೂ ಬರೆಯುತ್ತಾರೆ. ಓದಲು ಎರಡೂ ಒಂದೇ, ಆದರೆ ಒಳಗಿನ ಸಂಕೇತ ಬೇರೆ. ಹಾಗಾಗಿ ಒಂದು ರೂಪವನ್ನು ಹುಡುಕಿದರೆ ಇನ್ನೊಂದು ತಪ್ಪಿಹೋಗಬಹುದು. ಯಾವುದು ಬಳಸಬೇಕೆಂದು ತರಗತಿಗೆ ಮೊದಲೇ ಹೇಳಿಬಿಡಿ.

ಇನ್ನು ಹಂಚಿಕೆ. ‘ಲಿಂಕ್ ಇರುವ ಯಾರು ಬೇಕಾದರೂ’ ಎಂದು ಎಡಿಟರ್ ಹಕ್ಕು ಕೊಟ್ಟರೆ, ಲಾಗಿನ್ ಆಗದೆ ಬಂದವರು ಅನಾಮಧೇಯ ಪ್ರಾಣಿಗಳ ಹೆಸರಲ್ಲಿ ಕಾಣುತ್ತಾರೆ. ಯಾವ ಸಾಲು ಯಾರದೆಂದು ಆಮೇಲೆ ತಿಳಿಯುವುದಿಲ್ಲ. ಗುಂಪಿನಲ್ಲಿ ಬರೆಸುವುದಾದರೆ ಪ್ರತಿಯೊಬ್ಬರ ಇಮೇಲ್ ಹಾಕಿಯೇ ಹಂಚಿ. ನಾಲ್ಕು ಮಂದಿಗೆ ಒಂದು ಕಡತ ಸಾಕು. ಹಂಚಿಕೆ ಸೆಟ್ಟಿಂಗ್‌ನಲ್ಲಿ ಎಡಿಟರ್‌ಗಳು ಬೇರೆಯವರಿಗೆ ಹಂಚುವ ಅನುಮತಿಯನ್ನೂ ತೆಗೆದುಬಿಡಿ.

ಇಡೀ ತರಗತಿಗೆ ಒಂದೇ ಪ್ರಶ್ನೆಹಾಳೆ ಕೊಡಬೇಕಿದ್ದರೆ ಅದನ್ನು ನೋಡುವ ಹಕ್ಕಿನಲ್ಲಿ ಹಂಚಿ, ಲಿಂಕಿನಲ್ಲಿ ‘ಎಡಿಟ್’ ಇರುವಲ್ಲಿಂದ ಕೊನೆಯವರೆಗೆ ಅಳಿಸಿ ಇಂಗ್ಲಿಷಿನಲ್ಲಿ ‘ಕಾಪಿ’ ಎಂದು ಬರೆದು ಕಳಿಸಿ. ತೆರೆದವರಿಗೆ ತಮ್ಮದೇ ಪ್ರತಿ ಮಾಡಿಕೊಳ್ಳುವ ಪುಟ ಬರುತ್ತದೆ. ಆ ಪ್ರತಿಯ ಒಡೆತನ ವಿದ್ಯಾರ್ಥಿಯದು, ಅದನ್ನು ನಿಮಗೆ ಎಡಿಟರ್ ಆಗಿಯೇ ಹಂಚಬೇಕು. ಆವೃತ್ತಿಗಳ ಇತಿಹಾಸ ಎಡಿಟರ್‌ಗೆ ಮಾತ್ರ ಕಾಣುತ್ತದೆ, ಮತ್ತು ಬರವಣಿಗೆ ಬೆಳೆದ ಬಗೆ ನೋಡದೆ ಅಂಕ ಕೊಡುವುದು ಅನ್ಯಾಯ.

ತಿದ್ದುವಾಗ ಮೇಲೆ ಬಲಕ್ಕಿರುವ ಪೆನ್ಸಿಲ್ ಒತ್ತಿ ‘ಸಜೆಸ್ಟಿಂಗ್’ ಆರಿಸಿ, ನಿಮ್ಮ ತಿದ್ದುಪಡಿ ಒಪ್ಪುವ ತನಕ ಸಲಹೆಯಾಗಿಯೇ ಉಳಿಯುತ್ತದೆ. ಮಗುವಿನ ಸಾಲನ್ನು ನೇರವಾಗಿ ಅಳಿಸಿ ಬರೆಯಬೇಡಿ. ಕಾಗುಣಿತದ ತಪ್ಪು ಹತ್ತಿದ್ದರೂ ಮೂರಕ್ಕೆ ಮಾತ್ರ ಸಲಹೆ ಹಾಕಿ, ಉಳಿದವನ್ನು ಹುಡುಕಲು ಹೇಳಿ. ಎಲ್ಲಕ್ಕೂ ಹಾಕಿದರೆ ಓದದೆಯೇ ಒಟ್ಟಿಗೆ ಒಪ್ಪಿಕೊಂಡು ಮುಗಿಸುತ್ತಾರೆ. ವಿಷಯದ ಕೊರತೆಗೆ ಕಾಮೆಂಟ್ ಬೇಕು: ಕಂಟ್ರೋಲ್, ಆಲ್ಟ್, ಎಂ. ‘ನಮ್ಮೂರ ಜಾತ್ರೆ ತುಂಬಾ ಚೆನ್ನಾಗಿರುತ್ತದೆ’ ಎಂಬಲ್ಲಿ ‘ವಿವರ ಬೇಕು’ ಎಂದು ಬರೆದರೆ ಮಗುವಿಗೆ ದಾರಿ ಸಿಗದು. ‘ತೇರು ಯಾವ ಬೀದಿಯಲ್ಲಿ ತಿರುಗುತ್ತದೆ? ಆಗ ಏನೇನು ಸದ್ದು ಕೇಳುತ್ತದೆ?’ ಎಂದು ಕೇಳಿ, ಮುಂದಿನ ಕರಡಿನಲ್ಲಿ ಎರಡು ಒಳ್ಳೆಯ ಸಾಲು ಬರುತ್ತವೆ.

ಪ್ರತಿ ಹಂತದ ಕೊನೆಗೆ ಫೈಲ್ ಮೆನುವಿನ ‘ವರ್ಷನ್ ಹಿಸ್ಟರಿ’ಯಲ್ಲಿ ಆ ಆವೃತ್ತಿಗೆ ‘ಮೊದಲ ಕರಡು’ ಎಂಬಂಥ ಹೆಸರಿಡಿ. ಯಾರೋ ಒಬ್ಬರು ಪುಟವನ್ನೇ ಅಳಿಸಿದಾಗ ‘ಅನ್‌ಡೂ’ ಒತ್ತಿದರೆ ನಿಮ್ಮ ಬದಲಾವಣೆ ಮಾತ್ರ ಹಿಂದಕ್ಕೆ ಹೋಗುತ್ತದೆ, ಅವರದಲ್ಲ. ‘ರಿಸ್ಟೋರ್’ ಒತ್ತಲೂ ಅವಸರ ಬೇಡ: ಇಡೀ ಕಡತ ಹಳೆಯ ಸ್ಥಿತಿಗೆ ಮರಳಿ, ಆಮೇಲೆ ಉಳಿದವರು ಬರೆದದ್ದೆಲ್ಲ ಕಣ್ಮರೆಯಾಗುತ್ತದೆ. ಹಳೆಯ ಆವೃತ್ತಿ ತೆರೆದು, ಕಳೆದುಹೋದ ಭಾಗವನ್ನಷ್ಟೇ ಕಾಪಿ ಮಾಡಿ ಈಗಿನ ಕಡತಕ್ಕೆ ಅಂಟಿಸಿ.

ಶಾಲೆಯಲ್ಲಿ ನೆಟ್ ಕೈಕೊಡುವುದಿದ್ದರೆ ಕ್ರೋಮ್‌ನಲ್ಲಿ ಆಫ್‌ಲೈನ್ ಸೌಲಭ್ಯವನ್ನು ಹಿಂದಿನ ದಿನವೇ, ನೆಟ್ ಇರುವಾಗಲೇ ಆನ್ ಮಾಡಿಡಿ.