ಸಾವಂತ್ರಮ್ಮನ ಕಥೆಯಿಂದ ‘ಇನ್ನೂ’ ತೆಗೆದದ್ದು

ಸಂಧ್ಯಾ ಸುರಕ್ಷಾ ಹಣ ತರಲು ಅಂಚೆ ಕಚೇರಿಗೆ ಹೋಗುವ 74 ವರ್ಷದ ಸಾವಂತ್ರಮ್ಮ ಎಂಬವಳ ಕಥೆಯೊಂದನ್ನು ಬರೆಯುತ್ತಿದ್ದೆ. ಲೆಕ್ಕದಲ್ಲಿ ಅವಳನ್ನು ಊರಿನ ಯಾರೂ ಮೋಸಗೊಳಿಸಲಾರರು ಎಂಬುದೇ ಅದರ ತಿರುಳು. ಮೊದಲ ಕರಡನ್ನು ಓದಿದ ನನ್ನ ಸೋದರತ್ತೆ ‘ಪಾಪ, ಮುದುಕಿ’ ಎಂದು ಹಾಳೆ ಮಡಿಸಿಟ್ಟರು. ಆ ‘ಪಾಪ’ ಎಲ್ಲಿಂದ ಬಂತೆಂದು ಕಂಡುಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಮೊದಲು ನಾಮಪದದ ಮೇಲೆಯೇ ಅನುಮಾನ ಬಂದು, ‘ಮುದುಕಿ’ ಇದ್ದ ಕಡೆಯಲ್ಲೆಲ್ಲ ‘ವೃದ್ಧೆ’ ಎಂದು ಹಾಕಿ ನೋಡಿದೆ. ಬೆಳೆಯುವುದು ಎಂಬ ಅರ್ಥದ ಧಾತುವಿನಿಂದಲೇ ‘ವೃದ್ಧಿ’ಯೂ ‘ವೃದ್ಧೆ’ಯೂ ಬಂದಿವೆಯಾದರೂ, ಬಸ್ಸು ಡಿಕ್ಕಿ ಹೊಡೆದಾಗಲೋ ಸರ ಕಳವಾದಾಗಲೋ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಆ ಪದದಲ್ಲಿ ಬೆಳವಣಿಗೆಯ ನೆನಪು ಉಳಿದಿಲ್ಲ. ‘ಹಿರಿಯ ನಾಗರಿಕರು’ ಎಂದರೆ 2007ರ ಕಾಯ್ದೆಯ ಪ್ರಕಾರ 60 ತುಂಬಿದವರು. ಅದು ಅರ್ಜಿಯ ಮಾತು, ಕಥೆಗೆ ಒಗ್ಗಲಿಲ್ಲ.

ಆಮೇಲೆ ಕ್ರಿಯಾಪದದ ಕೊನೆಗಳನ್ನು ನೋಡಿದೆ. ಒಂದು ಕಡೆ ನನಗೇ ತಿಳಿಯದಂತೆ ‘ಮುದುಕಿ ಎದ್ದು ನಿಂತಿತು’ ಎಂದು ಬರೆದಿದ್ದೆ. ಎಳೆಯ ಮಗುವಿಗೂ ಹಸುವಿಗೂ ಹೇಳುವ ಈ ರೂಪದಲ್ಲಿ ಮಾತಿನಲ್ಲಾದರೆ ಅಕ್ಕರೆ ಇರಬಹುದು, ಬರಹದಲ್ಲಿ ಉಳಿಯುವುದು ಕನಿಕರವಷ್ಟೇ. ‘ನಿಂತರು’ ಎಂದು ತಿದ್ದಿದಾಗ ಅವಳು ವೇದಿಕೆಯ ಮೇಲಿನ ಅತಿಥಿಯಂತೆ ದೂರವಾದಳು. ಕೊನೆಗೆ ಹೆಸರು ಹಿಡಿದು ‘ಸಾವಂತ್ರಮ್ಮ ಎದ್ದು ನಿಂತಳು’ ಎಂದೆ.

ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ‘ಇನ್ನೂ’ ಎಂಬ ಪುಟ್ಟ ಪದ. ‘ಅವಳು ಇನ್ನೂ ತಾನೇ ರಾಗಿ ಬೀಸುತ್ತಾಳೆ’, ‘ವಯಸ್ಸಾದರೂ ನೆನಪು ಚೆನ್ನಾಗಿದೆ’ ಎಂಬಂಥ ವಾಕ್ಯಗಳನ್ನು ನಾನು ಹೊಗಳಿಕೆಯೆಂದೇ ಬರೆದಿದ್ದೆ. ಆದರೆ ಇಷ್ಟರಲ್ಲಿ ಅವಳ ಕೈಯೂ ನೆನಪೂ ಸೋತಿರಬೇಕಿತ್ತು ಎಂಬ ನಿರೀಕ್ಷೆಯನ್ನು ಅವು ಓದುಗರ ಕಿವಿಯಲ್ಲಿ ಮೊದಲೇ ಹೇಳಿಬಿಡುತ್ತಿದ್ದವು. ಎರಡನ್ನೂ ತೆಗೆದೆ: ‘ರಾಗಿಯನ್ನು ತಾನೇ ಬೀಸುತ್ತಾಳೆ.’ ಹಾಗೆಯೇ ‘ಗೊಣಗಿದಳು’ ಎಂಬುದು ‘ಹೇಳಿದಳು’ ಆಯಿತು, ಸೆರಗಿನ ಗಂಟನ್ನು ‘ತಡಕಾಡಿದಳು’ ಎಂಬುದು ‘ಬಿಚ್ಚಿದಳು’ ಆಯಿತು. ‘ನಿಧಾನವಾಗಿ ಎಣಿಸಿದಳು’ ಎಂದಿದ್ದನ್ನು ‘ಒಂದೊಂದೇ ನೋಟು ಎಣಿಸಿದಳು’ ಎಂದು ಬದಲಿಸಿದೆ. ತಗಲುವ ಹೊತ್ತು ಅಷ್ಟೇ, ಆದರೆ ಮೊದಲನೆಯದರಲ್ಲಿ ಕಾಣುವುದು ಅವಳ ಅಶಕ್ತಿ, ಎರಡನೆಯದರಲ್ಲಿ ಅವಳ ಎಚ್ಚರ.

‘ಮುದುಕಿ’ಯನ್ನು ನಾನು ಪೂರ್ತಿ ಬಿಡಲಿಲ್ಲ, ಅದು ಬೈಗುಳವಲ್ಲ, ನಮ್ಮ ಮನೆಗಳ ಹಳೆಯ ಮಾತು. ಅದನ್ನು ನಿರೂಪಣೆಯಿಂದ ಮಾತ್ರ ತೆಗೆದೆ. ಈಗ ಸೊಸೆ ಅವಳನ್ನು ‘ಅತ್ತೆ’ ಎನ್ನುತ್ತಾಳೆ, ನೆರೆಯವರು ‘ಸಾವಂತ್ರಕ್ಕ’ ಎನ್ನುತ್ತಾರೆ, ಅಂಚೆ ಗುಮಾಸ್ತ ‘ಅಜ್ಜಿ’ ಎನ್ನುತ್ತಾನೆ. ಮುದುಕಿ ಎಂಬ ಮಾತು ಕಥೆಯಲ್ಲಿ ಒಮ್ಮೆ ಮಾತ್ರ, ಅವಳ ಬಾಯಲ್ಲೇ ಬರುತ್ತದೆ. ನೂರು ರೂಪಾಯಿ ಕಡಿಮೆ ಕೊಟ್ಟ ಗುಮಾಸ್ತನ ಮುಂದೆ ನೋಟುಗಳನ್ನು ಹರಡಿ ಅವಳು ಹೇಳುತ್ತಾಳೆ: ‘ಮುದುಕಿ ಕಣಪ್ಪ ನಾನು, ನನಗೇನೂ ಅವಸರವಿಲ್ಲ. ಇನ್ನೊಂದು ಸಲ ನೀನೇ ಎಣಿಸು.’