ಕೋಲ್ಡ್ ಸ್ಟೋರೇಜಿನ ಡೇಟಾ ಲಾಗರ್: ಎಷ್ಟು ನಿಮಿಷಕ್ಕೊಂದು ರೀಡಿಂಗ್ ಇಡಬೇಕು?

ಡೇಟಾ ಲಾಗರ್ ಎಂದರೆ ರೂಮಿನ ಉಷ್ಣಾಂಶ, ತೇವಾಂಶವನ್ನು ಆಗಾಗ ಅಳೆದು ತನ್ನ ಮೆಮರಿಯಲ್ಲಿ ಬರೆದಿಡುವ ಪುಟ್ಟ ಯಂತ್ರ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಜುಲೈ ತಿಂಗಳು ಲಾಗರ್ ಕೆಳಗಿಳಿಸಿ ಲ್ಯಾಪ್‌ಟಾಪಿಗೆ ಹಾಕಿದೆ. 16,000 ರೀಡಿಂಗ್ ಇದ್ದವು. ಎಲ್ಲವೂ ಮಾರ್ಚ್ ತಿಂಗಳ ಮೊದಲ ಎರಡು ದಿನದವು. 'ಮುಂದಿಂದೆಲ್ಲಾ ಎಲ್ಲಿ ಹೋತ್ರೀ ಸರ?' ಎಂದು ಮಾಲೀಕರು ಕೇಳಿದರು. ಎಲ್ಲೂ ಹೋಗಿರಲಿಲ್ಲ, ಅದು ದಾಖಲಾಗಿಯೇ ಇರಲಿಲ್ಲ. ಲಾಗರ್ ಕಾರ್ಖಾನೆಯಿಂದ ಬಂದಾಗ 10 ಸೆಕೆಂಡಿಗೊಂದು ರೀಡಿಂಗ್ ಬರೆಯುವಂತೆ ಇತ್ತು. ಅದನ್ನು ಹಾಗೇ ಚಾಲೂ ಮಾಡಿ ಗೋಡೆಗೆ ನೇತುಹಾಕಿದ್ದರು. 44 ಗಂಟೆ 26 ನಿಮಿಷಕ್ಕೆ ಮೆಮರಿ ತುಂಬಿ ಅದು ಸುಮ್ಮನಾಗಿತ್ತು. ಅಷ್ಟರಲ್ಲಿ ಒಂದು ಮೂಲೆಯ ಮೆಣಸಿನಕಾಯಿ ಚೀಲಗಳಿಗೆ ಬೂಷ್ಟು ಹಿಡಿದಿತ್ತು. ಯಾವ ವಾರ ತೇವ ಏರಿತು ಎಂದು ಹೇಳಲು ಯಾರ ಹತ್ತಿರವೂ ಏನೂ ಉಳಿದಿರಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಇದೇ ಸೀಮೆಯ ಬೆಳೆ ಎನ್ನುವ ಗುರುತು ಸಿಕ್ಕಿತು. ಅದರ ಎರಡು ತಳಿಗಳಲ್ಲಿ ಡಬ್ಬಿ ಇರಲಿ, ಕಡ್ಡಿ ಇರಲಿ, ಬೆಲೆ ಬರುವುದು ಬಣ್ಣದ ಮೇಲೆ. ಆ ಕೆಂಪು ಬಿಸಿಗೆ, ಬೆಳಕಿಗೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಅದಕ್ಕೇ ರೈತರು, ವ್ಯಾಪಾರಿಗಳು ಬಾಡಿಗೆ ಕೊಟ್ಟು ತಣ್ಣಗೆ ಇಡುತ್ತಾರೆ. ಅಷ್ಟು ದುಡ್ಡು ಹಾಕುವ ಜಾಗದಲ್ಲಿ ಒಂದು ಪುಟ್ಟ ಯಂತ್ರದ ಸೆಟಿಂಗಿಗೆ ಅರ್ಧ ಗಂಟೆ ಕೊಡಲೇಬೇಕು.

ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಹಗೇವಿಗೆ ಇಂತಿಷ್ಟೇ ಚೀಲ ಜೋಳ ಹಿಡಿಯುತ್ತದೆ. ಲಾಗರಿನ ಮೆಮರಿಯೂ ಹಾಗೆಯೇ. ಎಷ್ಟು ಬೇಗ ತುಂಬಬೇಕು ಎನ್ನುವುದಷ್ಟೇ ನಮ್ಮ ಕೈಯಲ್ಲಿದೆ. ಮೊದಲು ನಿಮ್ಮ ಲಾಗರಿಗೆ ಎಷ್ಟು ರೀಡಿಂಗ್ ಹಿಡಿಯುತ್ತದೆ ಎಂದು ಜೊತೆಗೆ ಬಂದ ಕಾಗದದಲ್ಲಿ ನೋಡಿ. ಪೆನ್ ಡ್ರೈವಿನಂತೆ ಕಾಣುವ ಲಾಗರುಗಳಲ್ಲಿ ಸಾಮಾನ್ಯವಾಗಿ 16,000 ಅಥವಾ 32,000 ಇರುತ್ತದೆ. ಉಷ್ಣಾಂಶ, ತೇವಾಂಶ ಎರಡನ್ನೂ ಬರೆಯುವ ಯಂತ್ರವಾದರೆ ಇನ್ನೊಂದು ಮಾತು ಕೇಳಿಕೊಳ್ಳಿ: ಆ ಲೆಕ್ಕ ಎರಡಕ್ಕೂ ಸೇರಿಯೋ, ಒಂದೊಂದಕ್ಕೆ ಬೇರೆಯೋ? ಸೇರಿ ಇದ್ದರೆ 16,000 ಎಂದರೆ ತಲಾ 8,000 ಮಾತ್ರ. ಅರ್ಧಕ್ಕರ್ಧ ವ್ಯತ್ಯಾಸ.

ಇನ್ನು ಲೆಕ್ಕ. ಎಷ್ಟು ದಿನ ಬೇಕೋ ಅದನ್ನು ನಿಮಿಷ ಮಾಡಿ, ರೀಡಿಂಗ್ ಸಂಖ್ಯೆಯಿಂದ ಭಾಗಿಸಿ. ಮಾರ್ಚ್ 1ಕ್ಕೆ ಇಟ್ಟ ಮಾಲು ನವೆಂಬರ್ ಕೊನೆಗೆ ಹೊರಬಂದರೆ 275 ದಿನ, ಅಂದರೆ 3,96,000 ನಿಮಿಷ. 16,000ದಿಂದ ಭಾಗಿಸಿದರೆ 24.75. ಅಂದರೆ ಇಡೀ ಸೀಸನ್ ಮುಟ್ಟದೇ ಬಿಡಬೇಕಾದರೆ 25 ನಿಮಿಷಕ್ಕಿಂತ ವೇಗವಾಗಿ ಬರೆಸುವ ಹಾಗಿಲ್ಲ. ಮೆನುವಿನಲ್ಲಿ 25 ಇರದಿದ್ದರೆ 30 ಇಡಬೇಕು.

ಆದರೆ ನಾನು 30 ಇಡಲು ಹೇಳುವುದಿಲ್ಲ. ಅರ್ಧ ಗಂಟೆಯಲ್ಲಿ ಏನೆಲ್ಲ ಆಗಿ ಹೋಗುತ್ತದೆ ನೋಡಿ. ಪೇಟೆ ದಿನ ಲಾರಿ ಹಚ್ಚಿ ಹಮಾಲರು ಚೀಲ ಹೊರುವಾಗ ಬಾಗಿಲು 10 ನಿಮಿಷ ತೆರೆದಿರುತ್ತದೆ. ಹೊರಗಿನ ಬಿಸಿಗಾಳಿ ಒಳಗೆ ನುಗ್ಗುತ್ತದೆ. ಮುಂದಿನ ರೀಡಿಂಗ್ ಬರುವಷ್ಟರಲ್ಲಿ ಗಾಳಿ ಮತ್ತೆ ತಣ್ಣಗಾಗಿರುತ್ತದೆ. ಗ್ರಾಫಿನಲ್ಲಿ ಏನೂ ಆಗಿಲ್ಲ ಎನ್ನುವಂತೆ ಸಪಾಟು ಗೆರೆ. ಕಂಪ್ರೆಸರ್ ವಿಷಯದಲ್ಲಿ ಇನ್ನೂ ಜಾಸ್ತಿ ಮೋಸವಾಗುತ್ತದೆ. ಅದು 20 ನಿಮಿಷಕ್ಕೊಂದು ಸುತ್ತು ಬಂದ್ ಆಗಿ ಚಾಲೂ ಆಗುತ್ತದೆ ಎಂದುಕೊಳ್ಳಿ. ನೀವೂ 20 ನಿಮಿಷಕ್ಕೊಂದು ರೀಡಿಂಗ್ ಇಟ್ಟರೆ ಪ್ರತಿ ಸಲವೂ ಸುತ್ತಿನ ಅದೇ ಜಾಗ ಸಿಗುತ್ತದೆ. ನಿಜವಾಗಿ 4ರಿಂದ 8 ಡಿಗ್ರಿವರೆಗೆ ಏರಿಳಿಯುವ ರೂಮು ಕಾಗದದ ಮೇಲೆ ಸದಾ 5 ಡಿಗ್ರಿ ತೋರಿಸಬಹುದು. ಒಂದು ಸುತ್ತಿಗೆ ಕನಿಷ್ಠ ನಾಲ್ಕೈದು ರೀಡಿಂಗ್ ಬಿದ್ದರೆ ಮಾತ್ರ ಏರಿಳಿತದ ಆಕಾರ ಕಾಣುತ್ತದೆ.

ಹಾಗಂತ ಸೆಕೆಂಡಿಗೊಂದು ಇಟ್ಟರೆ ಒಳ್ಳೆಯದಲ್ವಾ? ಅಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗಿನ ಸೆನ್ಸರಿಗೆ ಸುತ್ತಲ ಗಾಳಿಯ ಬದಲಾವಣೆ ಮುಟ್ಟಲೇ ಕೆಲವು ನಿಮಿಷ ಬೇಕು. ನಡುವೆ ನೂರು ಸಲ ಬರೆದರೂ ಹೊಸದೇನೂ ಸಿಗುವುದಿಲ್ಲ, ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇದು: 5 ನಿಮಿಷ ಇಡಿ, ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ. 16,000ಕ್ಕೆ 55 ದಿನ ಸಿಗುತ್ತದೆ, ಒಂದೆರಡು ವಾರ ಮರೆತರೂ ತೊಂದರೆಯಿಲ್ಲ. ತಲಾ 8,000ದ ಯಂತ್ರವಾದರೆ 5 ನಿಮಿಷಕ್ಕೆ 28 ದಿನವೂ ಪೂರ್ತಿ ಸಿಗುವುದಿಲ್ಲ. ಆಗ ತಿಂಗಳಲ್ಲಿ ಎರಡು ಸಲ ಇಳಿಸಿಕೊಳ್ಳಿ. ಅದು ಆಗದ ಮಾತಾದರೆ 10 ನಿಮಿಷಕ್ಕೆ ಏರಿಸಿ. ಎಸ್‌ಡಿ ಕಾರ್ಡ್ ಹಾಕುವ ಲಾಗರಿನಲ್ಲಿ ಜಾಗದ ಚಿಂತೆ ಇಲ್ಲ, ಆದರೆ ಫೈಲಿನ ಚಿಂತೆ ಇದೆ. ಸೆಕೆಂಡಿಗೊಂದರಂತೆ ದಿನಕ್ಕೆ 86,400 ಸಾಲು ಬರುತ್ತವೆ. ಎಕ್ಸೆಲ್ ಹಾಳೆಯಲ್ಲಿ ಹಿಡಿಯುವುದು 10,48,576 ಸಾಲು. 12 ದಿನಕ್ಕೆ ಹಾಳೆ ಮುಗಿಯಿತು.

ಈಗ ಸೆಟಿಂಗ್ ಮಾಡೋಣ. ಯುಎಸ್‌ಬಿಗೆ ಹಾಕುವ ಮೊದಲು ಲ್ಯಾಪ್‌ಟಾಪಿನ ಗಡಿಯಾರ, ತಾರೀಖು ಸರಿ ಇದೆಯಾ ನೋಡಿ. ಬಹಳಷ್ಟು ಲಾಗರುಗಳು ಅದೇ ಸಮಯವನ್ನು ತೆಗೆದುಕೊಳ್ಳುತ್ತವೆ. ಟೈಮ್ ಝೋನ್ ಭಾರತದ್ದೇ ಇರಬೇಕು. ಇಲ್ಲದಿದ್ದರೆ ಎಲ್ಲ ರೀಡಿಂಗೂ ಐದೂವರೆ ಗಂಟೆ ಹಿಂದಕ್ಕೆ ಬೀಳಬಹುದು. ರಾತ್ರಿ ಕರೆಂಟ್ ಹೋದದ್ದು ಸಂಜೆಯದೆಂದು ಓದಬೇಕಾಗುತ್ತದೆ.

ಹಳೇ ರೀಡಿಂಗ್ ಇದ್ದರೆ ಮೊದಲು ಇಳಿಸಿಕೊಳ್ಳಿ. ಹೊಸ ಸೆಟಿಂಗ್ ಸೇವ್ ಮಾಡಿದ ಕೂಡಲೇ ಹೆಚ್ಚಿನ ಲಾಗರುಗಳು ಹಳೇದನ್ನು ಅಳಿಸಿಬಿಡುತ್ತವೆ. ಆಮೇಲೆ ಇಂಟರ್‌ವಲ್ ಜಾಗದಲ್ಲಿ 5 ಬರೆದು, ಪಕ್ಕದಲ್ಲಿ ನಿಮಿಷ ಇದೆಯೋ ಸೆಕೆಂಡ್ ಇದೆಯೋ ಬೆರಳಿಟ್ಟು ನೋಡಿ.

ಮೆಮರಿ ತುಂಬಿದಾಗ ಏನು ಮಾಡಬೇಕು ಎಂದು ಯಂತ್ರ ಕೇಳುತ್ತದೆ. ನಿಲ್ಲಿಸು ಎಂದರೆ ಮೊದಲ ದಿನಗಳು ಉಳಿಯುತ್ತವೆ, ಕೊನೆಯವು ದಾಖಲಾಗುವುದಿಲ್ಲ. ಹಳೇದರ ಮೇಲೆ ಬರೆ ಎಂದರೆ ಮೊದಲಿನವು ಅಳಿದು ಇತ್ತೀಚಿನವು ಉಳಿಯುತ್ತವೆ. ಹುಬ್ಬಳ್ಳಿಯಿಂದ ದೂರದ ಊರಿಗೆ ಲಾರಿಯಲ್ಲಿ ಹೋಗುವ ಮಾಲಿಗೆ ಮೊದಲನೆಯದೇ ಸರಿ, ಹೊರಟ ಗಳಿಗೆಯ ದಾಖಲೆ ಬೇಕಾಗುತ್ತದೆ. ಗೋಡೆಯ ಮೇಲೆ ತಿಂಗಳುಗಟ್ಟಲೆ ಇರುವ ಲಾಗರಿಗೆ ಎರಡನೆಯದನ್ನೇ ನಾನು ಇಡುತ್ತೇನೆ. ಏನಾದರೂ ಕೆಟ್ಟರೆ ಮೊದಲು ಬೇಕಾಗುವುದು ಕಳೆದ ವಾರದ ಲೆಕ್ಕ.

ಅಲಾರಂ ಇದ್ದರೆ ನಿಮ್ಮ ರೂಮಿನ ಮಿತಿಗಿಂತ ಎರಡು ಡಿಗ್ರಿ ಮೇಲೆ ಇಟ್ಟು, ಅರ್ಧ ಗಂಟೆ ತಡೆ ಕೊಡಿ. ಇಲ್ಲದಿದ್ದರೆ ಬಾಗಿಲು ತೆರೆದಾಗೆಲ್ಲ ಕೂಗುತ್ತದೆ, ಕೊನೆಗೆ ಯಾರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಸೇವ್ ಮಾಡಿದ ಮೇಲೆ ಕೆಲವು ಲಾಗರುಗಳು ತಾವಾಗಿ ಶುರುವಾಗುವುದಿಲ್ಲ, ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಪರದೆಯ ಮೇಲೆ ರೆಕಾರ್ಡಿಂಗ್ ಗುರುತು ಬಂತೇ ಎಂದು ಕಣ್ಣಾರೆ ನೋಡಿ. ಎರಡು ಗಂಟೆ ಮೇಜಿನ ಮೇಲೆ ಓಡಿಸಿ, ಲ್ಯಾಪ್‌ಟಾಪಿಗೆ ಹಾಕಿದರೆ 24 ರೀಡಿಂಗ್ ಸಿಗಬೇಕು. ಒಂದೆರಡು ಆಚೀಚೆ ಆದರೆ ಪರವಾಗಿಲ್ಲ. 700ರ ಮೇಲೆ ಬಂದರೆ ಅದಿನ್ನೂ 10 ಸೆಕೆಂಡಿನಲ್ಲೇ ಇದೆ. ಸರಿ ಇದ್ದರೆ ಮತ್ತೆ ಚಾಲೂ ಮಾಡಿ, ಬಾಗಿಲಿಗೂ ಫ್ಯಾನಿನ ಬಾಯಿಗೂ ದೂರ, ಚೀಲಗಳ ಮಟ್ಟದಲ್ಲಿ ಕಟ್ಟಿ.

ತಿಂಗಳಾದ ಮೇಲೆ ಹೊರತಂದಾಗ ಅವಸರ ಬೇಡ. ಐದು ಡಿಗ್ರಿಯಲ್ಲಿದ್ದ ಲಾಗರನ್ನು ಏಪ್ರಿಲ್ ಬಿಸಿಲಿಗೆ ತಂದರೆ ನಿಮಿಷದೊಳಗೆ ಮೈಮೇಲೆಲ್ಲ ಹನಿ ಕಟ್ಟುತ್ತದೆ, ಯುಎಸ್‌ಬಿ ತುದಿಯ ಒಳಗೂ. ಒಳಗೆ ಇರುವಾಗಲೇ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ತನ್ನಿ. ಅರ್ಧ ಗಂಟೆ ಬಿಟ್ಟು ತೆರೆಯಿರಿ. ರೀಡಿಂಗ್ ಇಳಿಸಿಕೊಂಡು, ಬ್ಯಾಟರಿ ಗುರುತು ನೋಡಿ, ಮತ್ತೆ ಚಾಲೂ ಮಾಡಿ. ಹಿಂಬದಿಗೆ ಒಂದು ಬಿಳಿ ಪಟ್ಟಿ ಅಂಟಿಸಿ ಮೂರು ಮಾತು ಬರೆಯಿರಿ: ಶುರುವಾದ ದಿನ, ಎಷ್ಟು ನಿಮಿಷ, ತುಂಬುವ ದಿನ.